ಅಗ್ರಹಾರದಲ್ಲಿ ತಾತನ ಕಾಲದ ಮನೆ: ಹೋಗಿ ಇರಬಹುದಾ, ಮಾರೋದೇ ವಾಸಿನಾ?

ತೊಟ್ಟಿಮನೆ_ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿ ದೇವಸ್ಥಾನದ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ತಾತನ ಮನೆ ಇದೆ. ಎರಡೂ ಕಡೆ ಪಕ್ಕದ ಮನೆಗಳಿಗೆ ಗೋಡೆ ಅಂಟಿಕೊಂಡಿದೆ. ಮುಂದೆ ಜಗಲಿ, ಒಳಗೆ ಪಡಸಾಲೆ, ಚಿಕ್ಕದೊಂದು ತೊಟ್ಟಿ (ಮೇಲೆ ಮಾಡಿಲ್ಲದ ಒಳ ಅಂಗಳ), ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ಬಾವಿ, ಬಚ್ಚಲು. ಮುಂದಿನ ಅರ್ಧ ಮದ್ರಾಸ್ ತಾರಸಿ, ಹಿಂದಿನ ಅರ್ಧ ಮಂಗಳೂರು ಹೆಂಚು. ಅಜ್ಜಿ ಹೋದ ಮೇಲೆ ಬಾಡಿಗೆಗೆ ಕೊಟ್ಟಿದ್ದೆವು. ಈಗ ಖಾಲಿ ಬಿದ್ದಿದೆ.

ನನಗೆ ಬೆಂಗಳೂರಿನಲ್ಲಿ ಕೆಲಸ. ಈಗ ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು. ಹೆಂಡತಿ, ಸ್ಕೂಲಿಗೆ ಹೋಗುವ ಮಗಳು, ಮಂಡಿನೋವಿರುವ ಅಮ್ಮ. ಎಲ್ಲರೂ ಇಲ್ಲಿಗೇ ಬಂದುಬಿಡೋಣ ಅಂತ ನನ್ನ ಆಸೆ. ನೆಂಟರು ಮಾತ್ರ, ಮಾರಿ ರಿಂಗ್ ರೋಡ್ ಆಚೆ ಒಂದು ಸೈಟ್ ತಗೋ ಅಂತಾರೆ. ಬ್ರೋಕರ್ ಬಂದು ನೋಡಿ, 'ಮನೆಗೆ ಬೆಲೆ ಇಲ್ಲ ಸಾರ್, ಜಾಗಕ್ಕೆ ಮಾತ್ರ' ಅಂದು ಹೋದ. ಪಡಸಾಲೆ ಗೋಡೆ ಸೊಂಟದೆತ್ತರಕ್ಕೆ ಒದ್ದೆ, ಬಿಳಿ ಪುಡಿ ಉದುರುತ್ತಿದೆ. ತಾರಸಿಯ ಒಂದು ಮೂಲೆಯಲ್ಲಿ ನೀರಿಳಿದ ಕಲೆ ಇದೆ.

ಅಲ್ಲಿ ಇರುವವರು ನಿಜ ಹೇಳಿ. ದಿನನಿತ್ಯ ಹೇಗಿರುತ್ತೆ? ಆ ಮನೆಗೆ ದುಡ್ಡು ಹಾಕೋದು ಬುದ್ಧಿವಂತಿಕೆನಾ?

ಹಳೇಪೇಟೆ_ಅಕ್ಕ

ನಾನು ಮದುವೆಯಾಗಿ ಬಂದಾಗಿನಿಂದ ಅಗ್ರಹಾರದಲ್ಲೇ ಇದ್ದೀನಿ. ಮೊದಲು ಒಳ್ಳೇದು ಹೇಳ್ತೀನಿ.

ಕಾಲಲ್ಲಿ ಶಕ್ತಿ ಇದ್ದರೆ ಗಾಡಿನೇ ಬೇಡ. ತರಕಾರಿಗೆ ವಾಣಿವಿಲಾಸ ಮಾರ್ಕೆಟ್ ಇಲ್ಲೇ ಇದೆ. ಹಬ್ಬದ ಹೂವು, ಬಾಳೆಲೆ ಅಂದರೆ ದೇವರಾಜ ಮಾರ್ಕೆಟ್‌ಗೆ ನಡೆದೇ ಹೋಗಿ ಬರ್ತೀವಿ. ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ. ಮಗಳ ಸ್ಕೂಲಿನ ಬಗ್ಗೆ ಕೇಳೋದಾದರೆ, ಶಾರದಾ ವಿಲಾಸ, ಸದ್ವಿದ್ಯಾ, ಮರಿಮಲ್ಲಪ್ಪ ಎಲ್ಲಾ ಈ ಕಡೆಯವೇ. ನಮ್ಮ ಮಾವನವರಿಗೆ ರಾತ್ರಿ ಎದೆನೋವು ಬಂದಾಗ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದು ಎಷ್ಟು ಬೇಗ ಅಂದರೆ, ಊರಾಚೆ ಲೇಔಟ್‌ನಲ್ಲಿದ್ದಿದ್ದರೆ ಅಷ್ಟು ಹೊತ್ತಿಗೆ ಆಟೋ ಕೂಡ ಸಿಕ್ತಿರಲಿಲ್ಲ.

ಆಗಸ್ಟ್ ಬಂದರೆ ದಸರಾ ಆನೆಗಳ ತಾಲೀಮು ಶುರು. ಬೆಳಿಗ್ಗೆ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಲಾಗಿ ಹೊರಡ್ತವೆ. ಮಗಳನ್ನ ಎಬ್ಬಿಸೋಕೆ ಕಷ್ಟ ಆಗಲ್ಲ ನೋಡಿ.

ಇನ್ನು ಕಷ್ಟ. ಇಲ್ಲಿ ಗುಟ್ಟು ಅಂತ ಇರಲ್ಲ. ಅಂಟುಗೋಡೆ ಮನೆ, ನಮ್ಮ ಒಗ್ಗರಣೆ ಪಕ್ಕದವರಿಗೆ ಗೊತ್ತಾಗುತ್ತೆ, ಅವರ ಜಗಳ ನಮಗೆ ಗೊತ್ತಾಗುತ್ತೆ. ತೊಟ್ಟಿ ಇರೋ ಮನೆ ಅಂದರೆ ಕೆಲಸ ಜಾಸ್ತಿ. ಮಳೆ ಬಂದರೆ ಇರಚಲು, ಬೇಸಿಗೆಯಲ್ಲಿ ಧೂಳು, ಎಲ್ಲಾ ಕಾಲದಲ್ಲೂ ಪಾರಿವಾಳ. 'ತೊಟ್ಟಿ ಮನೆ ಎಷ್ಟು ಚೆಂದ' ಅಂತ ಫೋಟೋ ತೆಗೆಯೋರು ಯಾರೂ ಆ ತೊಟ್ಟಿ ಉಜ್ಜಿದವರಲ್ಲ. ನಿಮ್ಮ ಹೆಂಡತಿಯವರನ್ನ ಕೇಳಿದ್ದೀರಾ? ನೀವು 'ನನ್ನ ಆಸೆ' ಅಂತ ಮಾತ್ರ ಬರೆದಿದ್ದೀರಿ.

ಬೋಗಾದಿಗೆ_ಬಂದವ

ಅಕ್ಕ ಹೇಳಿದ ಕೊನೆ ಮಾತೇ ಮುಖ್ಯ.

ನಾವು ಹಳೇ ಊರಿನ ಸುಣ್ಣದಕೇರಿಯ ಮನೆ ಮಾರಿ ಊರಾಚೆಯ ಬೋಗಾದಿಗೆ ಬಂದವರು. ಒಂಚೂರೂ ಬೇಸರ ಇಲ್ಲ. ಅಲ್ಲಿ ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ಗಾಡಿ ನಿಲ್ಲಿಸೋಕೆ ಜಾಗಕ್ಕಾಗಿ ನಾಲ್ಕು ಬೀದಿ ಸುತ್ತಬೇಕಿತ್ತು. ನಮ್ಮ ಬೀದಿಯ ಮನೆಗಳು ಒಂದೊಂದಾಗಿ ಗೋಡೌನ್ ಆದವು. ಬೆಳಿಗ್ಗೆ ಜಗಲಿ ಮೇಲೆ ಕಾಫಿ ಕುಡಿಯೋಣ ಅಂದರೆ ಎದುರಿಗೆ ಲಗೇಜ್ ಆಟೋ, ಬಟ್ಟೆ ಮೂಟೆ. ನೆರೆಹೊರೆ ನೆರೆಹೊರೆ ಅಂತಾರಲ್ಲ, ಆ ನೆರೆಯವರೇ ಹೋಗಿಬಿಟ್ಟಿದ್ದಾರೆ. ಉಳಿದಿರೋದು ವಯಸ್ಸಾದವರು. ಮಕ್ಕಳೆಲ್ಲ ಅಮೆರಿಕದಲ್ಲೋ ಬೆಂಗಳೂರಲ್ಲೋ.

ನಿಮ್ಮಮ್ಮನಿಗೆ ಮಂಡಿನೋವು ಅಂದಿರಿ. ಹಳೇ ಮನೆಯಲ್ಲಿ ಪ್ರತಿ ಬಾಗಿಲಿಗೂ ಹೊಸ್ತಿಲು, ಪಡಸಾಲೆಯಿಂದ ತೊಟ್ಟಿಗೆ ಇಳಿಯೋಕೆ ಮೆಟ್ಟಿಲು, ಬಚ್ಚಲು ಹಿತ್ತಲಲ್ಲಿ. ರಾತ್ರಿ ಎರಡು ಗಂಟೆಗೆ ಮಳೇಲಿ ಅವರು ಎದ್ದು ಹೋಗೋದನ್ನ ಸ್ವಲ್ಪ ಯೋಚನೆ ಮಾಡಿ.

ಗಾರೆ_ಮೇಷ್ಟ್ರು

ಸಿವಿಲ್ ಓದಿ, ಕೆಲಸ ಕಲಿತದ್ದು ಮಾತ್ರ ಗಾರೆ ಕೆಲಸದವರ ಹತ್ತಿರ. ಹಳೇ ಮನೆ ರಿಪೇರಿಯೇ ನನ್ನ ಹೊಟ್ಟೆಪಾಡು. ಆದ್ದರಿಂದ ನಾನು 'ಉಳಿಸಿ' ಅಂದರೆ ಸ್ವಲ್ಪ ಅನುಮಾನದಿಂದಲೇ ಓದಿ.

ಬ್ರೋಕರ್ ಹೇಳಿದ್ದು ಅವನ ಲೆಕ್ಕಕ್ಕೆ ಸರಿ. ಬ್ಯಾಂಕಿನ ವ್ಯಾಲ್ಯುಯರ್ ಕೂಡ ಮಣ್ಣಿನ ಗೋಡೆ, ಹೆಂಚಿನ ಮಾಡು ನೋಡಿದರೆ ಕಟ್ಟಡಕ್ಕೆ ಹೆಚ್ಚೇನೂ ಬರೆಯೋದಿಲ್ಲ. ಹಾಗಂತ ಮನೆ ಗಟ್ಟಿ ಇಲ್ಲ ಅಂತಲ್ಲ.

ಈ ಕಡೆಯ ಹಳೇ ಮನೆಗಳ ಗೋಡೆ ಸಾಮಾನ್ಯವಾಗಿ ಒಂದೂವರೆ ಅಡಿ, ಕೆಲವು ಕಡೆ ಅದಕ್ಕೂ ದಪ್ಪ. ಒಳಗೆ ಇಟ್ಟಿಗೆಯೋ ಕಲ್ಲೋ, ನಡುವೆ ಮಣ್ಣು ಅಥವಾ ಸುಣ್ಣದ ಗಾರೆ, ಮೇಲೆ ಸುಣ್ಣದ ಗಿಲಾವು. ಇಂಥ ಗೋಡೆ ನೆಲದಿಂದ ಒಂದಿಷ್ಟು ತೇವ ಎಳೆದುಕೊಳ್ಳುತ್ತೆ, ಸುಣ್ಣದ ಮೂಲಕ ಹೊರಗೆ ಬಿಡುತ್ತೆ. ವರ್ಷಾನುಗಟ್ಟಲೆ ಹಾಗೇ ನಡೆದುಕೊಂಡು ಬಂದಿರುತ್ತೆ. ಆಮೇಲೆ ಯಾರೋ ಬಂದು ಕೆಳಗಿನ ಮೂರಡಿ ಸುಣ್ಣ ಕೆರೆದು ಸಿಮೆಂಟ್ ಬಳಿಯುತ್ತಾರೆ. ತೇವಕ್ಕೆ ಹೊರಗೆ ಹೋಗೋಕೆ ದಾರಿ ಇಲ್ಲ, ಸಿಮೆಂಟ್ ಎಲ್ಲಿ ಮುಗಿಯುತ್ತೋ ಅಲ್ಲಿವರೆಗೆ ಏರುತ್ತೆ. ನಿಮ್ಮ 'ಸೊಂಟದೆತ್ತರ' ಓದಿದ ತಕ್ಷಣ ನನಗೆ ಅನ್ನಿಸಿದ್ದು ಇದೇ. ಆ ಬಿಳಿ ಪುಡಿ, ನೀರಿನ ಜೊತೆ ಬಂದು ಒಣಗಿದ ಉಪ್ಪು. ನಾಣ್ಯದಿಂದ ಗೋಡೆ ಕೆರೆದು ನೋಡಿ. ಬೂದು ಬಣ್ಣ, ಗಟ್ಟಿ ಅಂದರೆ ಸಿಮೆಂಟ್. ಬಿಳಿ, ಮೆತ್ತಗೆ ಉದುರಿದರೆ ಸುಣ್ಣ.

ಮದ್ರಾಸ್ ತಾರಸಿ ಅಂದರೆ ಮರದ ತೊಲೆಗಳ ಮೇಲೆ ತೆಳ್ಳನೆಯ ಚಿಕ್ಕ ಇಟ್ಟಿಗೆಯನ್ನ ನಿಲ್ಲಿಸಿ, ಓರೆಯಾಗಿ ಸುಣ್ಣದಲ್ಲಿ ಜೋಡಿಸಿರೋದು. ಕೆಳಗಿನಿಂದ ನೋಡಿದರೆ ಆ ಓರೆ ಸಾಲು ಕಾಣುತ್ತೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಕಾಂಕ್ರೀಟ್. ಹಿಂದೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಈ ತಾರಸಿ ಸೋರಿದರೆ ಜನ ಮಾಡೋ ಮೊದಲ ಕೆಲಸ, ಮೇಲೆ ಎರಡಿಂಚು ಸಿಮೆಂಟ್ ಹಾಕೋದು. ಭಾರ ಜಾಸ್ತಿ ಆಯ್ತು, ಸಿಮೆಂಟ್ ಬಿರಿಯಿತು, ಆ ಬಿರುಕಿನಲ್ಲಿ ಇಳಿದ ನೀರು ಆರೋದೂ ಇಲ್ಲ. ಕೆಳಗೆ ತೊಲೆ ಕೊಳೆಯುತ್ತೆ.

ತೊಲೆ ನಡುವಿನಲ್ಲಿ ಕೆಡೋದು ಕಡಿಮೆ. ಗೋಡೆಯೊಳಗೆ ಹೂತಿರುವ ತುದಿ ಮೊದಲು ಕೆಡುತ್ತೆ. ನೀರು, ಗೆದ್ದಲು ಎರಡಕ್ಕೂ ಅದೇ ಜಾಗ ಬೇಕು. ಗೋಡೆಯ ಹತ್ತಿರ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ, ಬೊದ್ ಅಂದರೆ ಒಳಗೆ ಟೊಳ್ಳು. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಆ ತೊಲೆಗೆ ಇವತ್ತೇ ಕೆಳಗಿನಿಂದ ಊರೆ ಕೊಡಿ. ಉಳಿದ ಮಾತು ಆಮೇಲೆ.

ಇನ್ನೊಂದು, ತಾರಸಿ ಸಂದಿನಲ್ಲಿ ಅರಳಿ ಗಿಡ ಇದೆಯಾ? ಎಲೆ ಕಿತ್ತು ಬಂದರೆ ಪ್ರಯೋಜನ ಇಲ್ಲ, ಬೇರು ಒಳಗೆ ಬೆಳೀತಾನೇ ಇರುತ್ತೆ.

ತೊಟ್ಟಿಮನೆ_ಮೊಮ್ಮಗ

ಮೇಷ್ಟ್ರೇ, ನಾಣ್ಯದಿಂದ ಕೆರೆದು ನೋಡಿದೆ. ಕೆಳಗೆ ಬೂದು, ಮೇಲೆ ಬಿಳಿ. ಬಾಡಿಗೆಗೆ ಇದ್ದವರು ಚಿಕ್ಕಪ್ಪನ ಒಪ್ಪಿಗೆ ತಗೊಂಡು ಮಾಡಿಸಿದ್ದರಂತೆ. ತಾರಸಿ ಮೇಲೆ ಸಿಮೆಂಟ್ ಇಲ್ಲ, ಆದರೆ ನೀರು ಹೋಗೋ ತೂತಿನಲ್ಲಿ ಎಲೆ, ಪಾರಿವಾಳದ ಗೂಡು ತುಂಬಿಕೊಂಡು ನೀರು ನಿಂತಿದೆ. ಕಲೆ ಇರೋ ಮೂಲೆಯ ನೇರ ಮೇಲೇ ಇದೆ. ಅರಳಿ ಗಿಡವೂ ಇದೆ, ಮೊಣಕಾಲೆತ್ತರ.

ಅಕ್ಕ, ಹೆಂಡತಿಗೆ ಈ ಚರ್ಚೆ ತೋರಿಸಿದೆ. ತೊಟ್ಟಿ ಉಜ್ಜೋದು ನಾನೇ ಅಂತ ಒಪ್ಪಂದ ಆಗಿದೆ. ಒಳಗೇ ಒಂದು ಬಾತ್‌ರೂಮ್ ಆಗದೆ ಬರಲ್ಲ ಅಂತಲೂ ಹೇಳಿದ್ದಾಳೆ.

ಗಾರೆ_ಮೇಷ್ಟ್ರು

ಹಾಗಾದರೆ ಆ ಮೂಲೆಗೆ ಸದ್ಯಕ್ಕೆ ಮದ್ದು ಒಂದು ಪೊರಕೆ, ಒಂದು ಕಬ್ಬಿಣದ ಸಲಾಕೆ. ತೂತು ಬಿಡಿಸಿ. ತಮಾಷೆ ಅಲ್ಲ. ನಾನು ನೋಡಿದ ಬಿದ್ದ ಮನೆಗಳಲ್ಲಿ ಹೆಚ್ಚಿನವು ಶುರುವಾಗಿದ್ದು ಇಂಥದ್ದೇ ಒಂದು ಕಟ್ಟಿಕೊಂಡ ತೂತಿನಿಂದ.

ಬಾತ್‌ರೂಮ್ ಬಗ್ಗೆ: ತೊಟ್ಟಿಯಾಚೆ ಅಡುಗೆಮನೆ ಪಕ್ಕ, ಹೆಂಚಿನ ಕೆಳಗೆ ಕಟ್ಟಿಸಿ. ಹಳೇ ಗೋಡೆಗೆ ಅಂಟಿಸದೆ ಅದರದೇ ಗೋಡೆ ಎಬ್ಬಿಸಿ, ಪೈಪು ಎಲ್ಲಾ ಹೊಸ ಗೋಡೆಯಲ್ಲೇ ಬರಲಿ. ಮದ್ರಾಸ್ ತಾರಸಿ ಮೇಲೆ ರೂಮು, ಬಾತ್‌ರೂಮು, ನೀರಿನ ಟ್ಯಾಂಕು ಮೂರೂ ಬೇಡ. ವೈರಿಂಗ್‌ಗೂ ಗೋಡೆ ಕೊರೆಯಬೇಡಿ, ಹೊರಗಿನಿಂದಲೇ ಪೈಪಿನಲ್ಲಿ ಎಳೆಸಿ. ನೋಡೋಕೆ ಅಷ್ಟು ಚೆಂದ ಇರಲ್ಲ, ಪರವಾಗಿಲ್ಲ.

ಮೊಹಲ್ಲಾ_ಮಾತು

ಒಳ್ಳೆ ಚರ್ಚೆ. ಸ್ವಲ್ಪ ಹಿನ್ನೆಲೆ ಸೇರಿಸ್ತೀನಿ, ಯಾಕಂದರೆ 'ಹಳೇ ಮೈಸೂರು' ಅಂತ ಎಲ್ಲಾ ಒಂದೇ ಬುಟ್ಟಿಗೆ ಹಾಕ್ತಿದ್ದೀವಿ.

ಕೋಟೆ ಸುತ್ತಮುತ್ತ, ಅಗ್ರಹಾರ, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಇವು ಹಳೇ ಪದರ. ಓಣಿ ಸಣ್ಣದು, ಮನೆ ಒತ್ತೊತ್ತಾಗಿ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟಿತು, ಮರುವರ್ಷ ಊರಿಗೆ ಪ್ಲೇಗ್ ಬಂತು. ಗಾಳಿ, ಬೆಳಕು, ಚರಂಡಿ ಇಲ್ಲದ ಕೇರಿಗಳಲ್ಲಿ ಜನ ಇರಬಾರದು ಅಂತ ಆಡಳಿತಕ್ಕೆ ಅರಿವಾಗಿದ್ದು ಆಗ. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಆಯ್ತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಒಂದು. ಆಮೇಲೆ ಬಂದ ಬಡಾವಣೆಗಳು ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲ್ ಕಡೆಯವು. ಕೃಷ್ಣಮೂರ್ತಿಪುರಂಗೆ ಆಗ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರ ಹೆಸರು. ಅಲ್ಲಿ ನೆಟ್ಟಗಿನ ರಸ್ತೆ, ಮನೆ ಮುಂದೆ ಕಾಂಪೌಂಡ್, ಕಿಟಕಿ ಮೇಲೆ ಮಂಕಿ ಟಾಪ್ (ಮರದ ಇಳಿಜಾರು ಮುಂಚಾಚು), ಹಿಂದೆ ಕನ್ಸರ್ವೆನ್ಸಿ ಗಲ್ಲಿ.

ಆದ್ದರಿಂದ ಕೃಷ್ಣಮೂರ್ತಿಪುರಂನವರು 'ಹಳೇ ಮನೆ ಆರಾಮ' ಅಂದರೆ ಅದು ಅಗ್ರಹಾರದ ಅಂಟುಗೋಡೆ ಮನೆಗೆ ಹಾಗೇ ಅನ್ವಯ ಆಗಲ್ಲ. ಗಾಳಿ ಬೆಳಕು ಅಲ್ಲಿ ನಾಲ್ಕು ಕಡೆಯಿಂದ ಬರುತ್ತೆ, ನಿಮ್ಮಲ್ಲಿ ತೊಟ್ಟಿಯಿಂದ ಮಾತ್ರ. ಕೆಲಸ ಜಾಸ್ತಿ ಅಂತ ತೊಟ್ಟಿ ಮುಚ್ಚಿ ಫೈಬರ್ ಶೀಟ್ ಹಾಕಿದವರ ಮನೆಯಲ್ಲಿ ಹಗಲು ಹೊತ್ತೂ ಲೈಟ್ ಬೇಕು. ಒಳಗೆಲ್ಲ ಬೂಷ್ಟು. ಪಾರಿವಾಳಕ್ಕೆ ಬಲೆ ಸಾಕು, ಮುಚ್ಚಬೇಡಿ.

ಕೆಂಪುನೆಲ

ಆಹಾ, ಕನ್ಸರ್ವೆನ್ಸಿ ಗಲ್ಲಿ! ನಮ್ಮ ಬಾಲ್ಯದ ಕ್ರಿಕೆಟ್ ಎಲ್ಲಾ ಅಲ್ಲೇ. ಆ ಕಾಲದವರು ಎಷ್ಟು ಯೋಚನೆ ಮಾಡಿ ಊರು ಕಟ್ಟಿದ್ದರು ಅಲ್ವಾ.

ಅಶೋಕಪುರಂ_ಹುಡುಗಿ

ಕ್ರಿಕೆಟ್ ಆಡೋಕೆ ಕಟ್ಟಿದ್ದಲ್ಲ ಅದು. ಮನೆ ಹಿಂದಿನ ಕಕ್ಕಸಿನಿಂದ ಮಲ ಎತ್ತಿಕೊಂಡು ಹೋಗೋರು ಮುಂಬಾಗಿಲ ಕಡೆ ಕಾಣಬಾರದು ಅಂತ ಕಟ್ಟಿದ ದಾರಿ. ಎತ್ತುತ್ತಿದ್ದವರು ಯಾರ ಮನೆಯವರು ಅಂತ ಬಿಡಿಸಿ ಹೇಳಬೇಕಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ಅಲ್ಲಿವರೆಗೆ ಆ 'ಯೋಚನೆ ಮಾಡಿ ಕಟ್ಟಿದ' ಗಲ್ಲಿ ನಡೆದಿದ್ದೇ ಹಾಗೆ.

ಹಳೇ ಮನೆ ಉಳಿಸಬೇಡಿ ಅಂತ ನಾನು ಹೇಳ್ತಿಲ್ಲ. ಕೆಂಪು ನೆಲ ನನಗೂ ಇಷ್ಟ. ಆದರೆ ಬಾಡಿಗೆಗೆ ಮನೆ ಹುಡುಕಿಕೊಂಡು ನಾನು ಅಗ್ರಹಾರ, ಚಾಮುಂಡಿಪುರಂ ಎಲ್ಲಾ ತಿರುಗಿದ್ದೀನಿ. 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡ್ ಇದ್ದರೆ ಎಷ್ಟೋ ವಾಸಿ, ಸಮಯ ಉಳಿಯುತ್ತೆ. ಕೆಲವರು ಕಾಫಿ ಕೊಟ್ಟು, ಊರು ಯಾವುದು, ತಂದೆ ಹೆಸರೇನು, ಮನೆದೇವರು ಯಾವುದು ಅಂತ ಸುತ್ತಿ ಬಳಸಿ ಕೇಳಿ, ಆಮೇಲೆ 'ನಮ್ಮ ಮಗ ಬರ್ತಾನಂತೆ' ಅಂತಾರೆ. ಆ ಮಗ ಬಂದಿದ್ದನ್ನ ನಾನು ಕಾಣೆ, ಮನೆ ಇನ್ನೂ ಖಾಲಿ. ಬೀದಿ ಸತ್ತುಹೋಗ್ತಿದೆ, ಮಕ್ಕಳು ಹೊರಟುಹೋದರು ಅಂತ ಮೇಲೆ ಯಾರೋ ಬರೆದಿದ್ದಾರೆ. ಬರೋಕೆ ತಯಾರಿದ್ದವರಿಗೆ ಬಾಗಿಲು ತೆಗೆದಿದ್ದರೆ ಅರ್ಧ ಬೀದಿ ತುಂಬಿರುತ್ತಿತ್ತು.

ಹಳೇಪೇಟೆ_ಅಕ್ಕ

ನಮ್ಮ ಬೀದಿ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲಮ್ಮ. ಬದಲಾಗಿದೆ, ಆದರೆ ಬದಲಾಗಿರೋದು ಹೃದಯ ಕರಗಿ ಅಲ್ಲ, ಬಾಡಿಗೆದಾರರು ಸಿಗದೆ. ನಮ್ಮ ಎದುರು ಮನೆಯವರು ಮೊದಲು ಅಷ್ಟೆಲ್ಲಾ ಪ್ರಶ್ನೆ ಕೇಳೋರು. ಈಗ ಅಲ್ಲಿ ಮೂವರು ನರ್ಸ್ ಹುಡುಗಿಯರು ಇದ್ದಾರೆ. ಆ ಅಜ್ಜಿಗೆ ಬಿಪಿ ನೋಡೋದೇ ಅವರು.

ಕೆಂಪುನೆಲ

ಸರಿ ಮೇಡಂ, ಆ ಗಲ್ಲಿಯ ವಿಷಯ ಒಪ್ಪಿದೆ. ನಮ್ಮ ಮನೆಯಲ್ಲಿ ಯಾರೂ ಅದನ್ನ ಹೇಳಿರಲಿಲ್ಲ.

ಕೋರ್ಟ್‌ಹಾಲ್_ಪಕ್ಕ

ಎಲ್ಲರೂ ಗೋಡೆ, ತೊಲೆ ಅಂತಿದ್ದೀರಿ. ಮೊಮ್ಮಗನವರೇ, ಖಾತೆ ಯಾರ ಹೆಸರಿನಲ್ಲಿದೆ? ನೀವು 'ತಾತನ ಮನೆ' ಅಂದಿದ್ದೀರಿ, 'ನಮ್ಮ ಮನೆ' ಅಂದಿಲ್ಲ.

ತೊಟ್ಟಿಮನೆ_ಮೊಮ್ಮಗ

ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದೆ. ತಾತ ಸ್ವಂತ ದುಡಿಮೆಯಲ್ಲಿ ತಗೊಂಡಿದ್ದು, ವಿಲ್ ಬರೆದಿಲ್ಲ. ಅಪ್ಪ ತೀರಿಕೊಂಡಿದ್ದಾರೆ. ಚಿಕ್ಕಪ್ಪ ಇದ್ದಾರೆ. ಇಬ್ಬರು ಅತ್ತೆಯರು, ಒಬ್ಬರು ನಂಜನಗೂಡಿನಲ್ಲಿ, ಒಬ್ಬರು ಪುಣೆಯಲ್ಲಿ. ಚಿಕ್ಕಪ್ಪ 'ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಗಿದೆ' ಅಂತಾರೆ.

ಕೋರ್ಟ್‌ಹಾಲ್_ಪಕ್ಕ

ಚಿಕ್ಕಪ್ಪನ ಮಾತು ಹಬ್ಬದೂಟದ ಹೊತ್ತಿಗೆ ಸರಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲ್ಲ.

ಹೆಣ್ಣುಮಕ್ಕಳ ಹಕ್ಕು ಅಂದ ಕೂಡಲೇ ಎಲ್ಲರೂ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಅಂತಾರೆ. ಅವು ಪಿತ್ರಾರ್ಜಿತ ಆಸ್ತಿಯ ವಿಷಯ. ನಿಮ್ಮದಕ್ಕೆ ಅಷ್ಟು ದೂರ ಹೋಗೋದೂ ಬೇಡ. ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಈಗ ಅಜ್ಜಿಯವರೂ ಇಲ್ಲದ್ದರಿಂದ, ಅವರೂ ವಿಲ್ ಬರೆಯದಿದ್ದರೆ, ನಾಲ್ಕು ಮಕ್ಕಳಿಗೆ ನಾಲ್ಕು ಭಾಗ. ನಿಮ್ಮ ತಂದೆಯವರ ಕಾಲು ಭಾಗ ನಿಮಗೆ, ನಿಮ್ಮಮ್ಮನಿಗೆ, ಒಡಹುಟ್ಟಿದವರಿದ್ದರೆ ಅವರಿಗೆ. ಅಂದರೆ ನೀವು ರಿಪೇರಿ ಮಾಡಿಸೋಕೆ ಹೊರಟಿರೋ ಮನೆಯಲ್ಲಿ ಮುಕ್ಕಾಲು ಭಾಗ ಬೇರೆಯವರದು.

ಇದನ್ನ ಬಗೆಹರಿಸದೆ ಒಂದು ರೂಪಾಯಿಯನ್ನೂ ತಾರಸಿಗೆ ಹಾಕಬೇಡಿ. ಹಾಕಿದ ಮೇಲೆ ಪ್ರೀತಿಯ ಅತ್ತೆಯ ಮಕ್ಕಳು ಕೇಸ್ ಹಾಕಿದ್ದನ್ನ ನೋಡಿದ್ದೀನಿ. ಎಲ್ಲರೂ ಕೂತು ರಿಜಿಸ್ಟರ್ಡ್ ವಿಭಾಗ ಪತ್ರ ಮಾಡಿಕೊಳ್ಳಿ, ಇಲ್ಲವೇ ಅವರ ಭಾಗಕ್ಕೆ ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಿ. ಕುಟುಂಬದೊಳಗಿನ ಪತ್ರಕ್ಕೆ ಮುದ್ರಾಂಕ ಶುಲ್ಕ ಮಾರಾಟದಷ್ಟು ಬೀಳಲ್ಲ. ಆಮೇಲೆ ಖಾತೆ ಬದಲಾವಣೆ, ಇ-ಖಾತೆ (ಖಾತೆಯ ಡಿಜಿಟಲ್ ರೂಪ). ಇ-ಖಾತೆ ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಮುಂದಕ್ಕೆ ಹೋಗಲ್ಲ, ಆದ್ದರಿಂದ ಯಾವುದು ಮೊದಲು ಯಾವುದು ಆಮೇಲೆ ಅಂತ ಪಾಲಿಕೆಯ ವಲಯ ಕಚೇರಿಯಲ್ಲಿ ಕೇಳಿಕೊಂಡು ಹೊರಡಿ.

ಗಾರೆ_ಮೇಷ್ಟ್ರು

ವಕೀಲರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನೀರು ಮನೆ ಕೆಡವುತ್ತೆ ಅಂದೆ. ಆ ನೀರು ನಿಲ್ಲೋಕೆ ಬಿಡೋದು ಇದೇ ಪಾಲಿನ ಜಗಳ. ಐದು ಜನಕ್ಕೆ ಸೇರಿದ ಮನೆಯ ತಾರಸಿ ಹತ್ತಿ ಎಲೆ ಗುಡಿಸೋಕೆ ಐವರಲ್ಲಿ ಒಬ್ಬರೂ ಬರಲ್ಲ. 'ನಾನ್ಯಾಕೆ ಮಾಡಿಸಲಿ, ಅವನೂ ಕೊಡಲಿ.' ನಾಲ್ಕು ಮಳೆಗಾಲ ಹೀಗೆ ಕಳೆದರೆ ಸಾಕು, ಜಗಳ ಆಡೋಕೆ ಮನೆ ಇರಲ್ಲ. ಪತ್ರ ಆಗೋವರೆಗೂ ದೊಡ್ಡ ಖರ್ಚು ಬೇಡ, ಸರಿ. ತೂತು ಬಿಡಿಸೋದು, ಒಡೆದ ಹೆಂಚು ಬದಲಿಸೋದು ಖರ್ಚಲ್ಲ, ಅದನ್ನ ಮಾತ್ರ ನಿಲ್ಲಿಸಬೇಡಿ.

ಬೋಗಾದಿಗೆ_ಬಂದವ

ನಾನು ಕೇಳೋದು ಇಷ್ಟೇ. ಸರ್ಕಾರದ ಕೈಲೇ ಆಗದ್ದು ಇವರ ಕೈಲಿ ಆಗುತ್ತಾ? ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಾ? 1892ರದ್ದು. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಬದಿ ಬಿತ್ತು, ಅದೂ ದುರಸ್ತಿ ನಡೀತಿದ್ದಾಗ. ಕೆಡವಬೇಕಾ, ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗಳ, ಹೈಕೋರ್ಟ್‌ವರೆಗೂ ಹೋಯ್ತು. ಇಂಥದ್ದರ ಕೆಳಗೆ ಮಗಳನ್ನ ಮಲಗಿಸ್ತೀರಾ?

ಮೊಹಲ್ಲಾ_ಮಾತು

ಆಗಸ್ಟ್ ಅಂತ ನೀವೇ ಎರಡು ಸಲ ಬರೆದಿರಿ. ಮಳೆಗಾಲ. ವಯಸ್ಸಿಗೇ ಬೀಳೋದಾದರೆ ಜಗನ್ಮೋಹನ ಅರಮನೆ 1861ರದ್ದು, ಇನ್ನೂ ನಿಂತಿದೆ.

ಪಾರಂಪರಿಕ ಪಟ್ಟಿ ಅಂತ ಏನು ಮಾತಾಡ್ತೀವೋ ಅದರಲ್ಲಿ ಹೆಚ್ಚಿನವು ಅರಮನೆ, ಕಾಲೇಜು, ಆಸ್ಪತ್ರೆ, ವೃತ್ತಗಳು. ಬೀದಿಯ ಸಾಮಾನ್ಯ ಮನೆಗೆ ಅದರ ಆಸರೆ ಸಿಗೋದು ಅಪರೂಪ. ದಸರಾ ದೀಪಕ್ಕೆ ದುಡ್ಡಿದೆ, ಅಜ್ಜಿ ಮನೆಯ ತೊಲೆಗೆ ಇಲ್ಲ. ಹಾಗಾಗಿ ಉಳಿದರೆ ಮನೆಯವರಿಂದಲೇ ಉಳೀಬೇಕು.

ಕೆಡವೋ ಮುನ್ನ ಇದನ್ನೂ ಯೋಚಿಸಿ. ಈಗ ನಿಮ್ಮ ಮನೆ ಈ ಗೋಡೆಯಿಂದ ಆ ಗೋಡೆವರೆಗೆ, ರಸ್ತೆ ಅಂಚಿನವರೆಗೆ ಇದೆ. ಕೆಡವಿ ಹೊಸದಾಗಿ ಪ್ಲಾನ್ ಮಂಜೂರು ಮಾಡಿಸಿದರೆ ಸೆಟ್‌ಬ್ಯಾಕ್ ಅಂತ ಸೈಟಿನ ಅಂಚಿನಲ್ಲಿ ಖಾಲಿ ಜಾಗ ಬಿಡಬೇಕು, ರಸ್ತೆ ಸಣ್ಣದಾದ್ದರಿಂದ ಎತ್ತರಕ್ಕೂ ಮಿತಿ. ಅಡ್ಡರಸ್ತೆಯ ಸಣ್ಣ ಸೈಟಿನಲ್ಲಿ ಈಗಿರೋ ಅಗಲ ಮತ್ತೆ ಸಿಗಲ್ಲ.

ಲಗೇಜ್_ಆಟೋ

ನಮ್ಮ ಗಾಡಿ ಬಗ್ಗೆ ಮೇಲೆ ಬೈದಿದ್ದಾರೆ, ಅದಕ್ಕೆ ಬಂದೆ 🙂 ಶಿವರಾಂಪೇಟೆ, ಸಂತೆಪೇಟೆ ಕಡೆ ಲೋಡ್ ಹಾಕೋನು. ಸಾರ್, ಆ ಬೀದಿಗಳಲ್ಲಿ ನಮ್ಮ ಗಾಡಿ ಹತ್ತು ನಿಮಿಷ ನಿಲ್ಲುತ್ತೆ, ಇಳಿಸಿ ಹೋಗ್ತೀವಿ. ಓಡಾಡದೆ ತಿಂಗಳುಗಟ್ಟಲೆ ಕವರ್ ಹಾಕಿ ನಿಂತಿರೋ ಕಾರು ಯಾರದು? ಮನೆಯವರದೇ. ಎರಡೂ ಕಡೆ ಕಾರು ನಿಂತರೆ ಮಧ್ಯದಲ್ಲಿ ಆಂಬುಲೆನ್ಸೂ ಹೋಗಲ್ಲ.

ಹಳೇಪೇಟೆ_ಅಕ್ಕ

ಈ ತಮ್ಮ ಹೇಳಿದ್ದು ನಿಜ. ಮೊಮ್ಮಗನವರೇ, ಕಾರು ಇದ್ದರೆ ಎಲ್ಲಿಡ್ತೀರಿ ಅಂತ ಮೊದಲೇ ನೋಡಿಕೊಳ್ಳಿ. ಜಗಲಿ ಒಡೆದು ಕಾರು ನಿಲ್ಲಿಸಿದವರು ನಮ್ಮ ಸಾಲಲ್ಲೇ ಇದ್ದಾರೆ. ಕಾರಿನ ಮೂತಿ ಇನ್ನೂ ರಸ್ತೆಯಲ್ಲೇ ಇದೆ, ಕೂರೋಕೆ ಜಗಲಿ ಹೋಯ್ತು.

ದಸರಾ ಹತ್ತು ದಿನ ಗಾಡಿ ತೆಗೆಯೋ ಯೋಚನೆ ಬೇಡ. ಅರಮನೆ ಸುತ್ತ ಒನ್‌ವೇ, ಬ್ಯಾರಿಕೇಡ್. ಜಂಬೂ ಸವಾರಿ ದಿನ ಮಧ್ಯಾಹ್ನದ ಮೇಲೆ ಮನೆಗೆ ಯಾರಾದರೂ ಬರಬೇಕಂದರೆ ನಡೆದೇ ಬರಬೇಕು. ಬರ್ತಾರೆ ಕೂಡ, ವರ್ಷವೆಲ್ಲಾ ಕಾಣದ ನೆಂಟರೂ ಬರ್ತಾರೆ. ಹಾಸಿಗೆ ಜಾಸ್ತಿ ಇಟ್ಟುಕೊಂಡಿರಿ.

ತೊಟ್ಟಿಮನೆ_ಮೊಮ್ಮಗ

ಎಲ್ಲರಿಗೂ ಥ್ಯಾಂಕ್ಸ್. ಎಲ್ಲಿಗೆ ಬಂತು ಅಂತ ಹೇಳ್ತೀನಿ.

ನಂಜನಗೂಡು ಅತ್ತೆ ಹತ್ತಿರ ಹೋಗಿ ಮಾತಾಡಿದೆ. ಪಾಲು ಕೊಡ್ತೀನಿ ಅಂತ ನಾನೇ ಮೊದಲು ಹೇಳಿದೆ. ಅವರು ದುಡ್ಡಿನ ಮಾತಿಗಿಂತ ಮೊದಲು ಕೇಳಿದ್ದು, 'ಅಣ್ಣಂದಿರು ಇಷ್ಟು ವರ್ಷ ಒಂದು ಸಲನಾದ್ರೂ ಕೇಳಿದ್ರಾ?' ಅಂತ. ಉತ್ತರ ಇರಲಿಲ್ಲ. ಬಿಡುಗಡೆ ಪತ್ರಕ್ಕೆ ಒಪ್ಪಿದ್ದಾರೆ, ಕಂತಿನಲ್ಲಿ ಕೊಟ್ಟರೂ ಸರಿ ಅಂದಿದ್ದಾರೆ. ಪುಣೆ ಅತ್ತೆ ಪೇಟೆ ರೇಟಿನಲ್ಲೇ ಬೇಕು ಅಂತಾರೆ. ನ್ಯಾಯವೇ. ಚಿಕ್ಕಪ್ಪ ನನ್ನ ಫೋನ್ ಎತ್ತುತ್ತಿಲ್ಲ.

ಹೆಂಡತಿ ಬಂದು ನೋಡಿದಳು. ಅಮ್ಮನಿಗೆ ಮುಂದಿನ ಕೋಣೆ, ತೊಟ್ಟಿ ಅಂಚಿನ ಮೆಟ್ಟಿಲಿಗೆ ಕಂಬಿ, ಮೇಷ್ಟ್ರು ಹೇಳಿದ ಜಾಗದಲ್ಲಿ ಬಾತ್‌ರೂಮ್. ಅಷ್ಟಾದರೆ ಬರ್ತೀನಿ ಅಂದಿದ್ದಾಳೆ. ತೊಲೆಗಳಲ್ಲಿ ಎರಡು ಬೊದ್ ಅಂತಿವೆ.

ಗಾರೆ_ಮೇಷ್ಟ್ರು

ಎರಡು ಅಂದರೆ ಹೆದರಬೇಡಿ. ತುದಿ ಮಾತ್ರ ಕೆಟ್ಟಿದ್ದರೆ ಕೊಳೆತ ಭಾಗ ಕತ್ತರಿಸಿ ಪಕ್ಕಕ್ಕೆ ಕಬ್ಬಿಣದ ಚಾನಲ್ ಬೋಲ್ಟ್ ಮಾಡಬಹುದು. ಪೂರ್ತಿ ಹೋಗಿದ್ದರೆ ಹಳೇ ಮನೆ ಕೆಡವಿದ ಕಡೆಯ ತೇಗದ ತೊಲೆ ತರೋಣ, ಹೊಸ ಮರಕ್ಕಿಂತ ಅದೇ ಒಣಗಿ ಗಟ್ಟಿ ಇರುತ್ತೆ. ಗೋಡೆಯ ಸಿಮೆಂಟ್ ಕಿತ್ತ ಮೇಲೆ ತಕ್ಷಣ ಗಿಲಾವು ಮಾಡಿಸಬೇಡಿ. ಒಂದು ಬೇಸಿಗೆ ಪೂರ್ತಿ ಹಾಗೇ ಬಿಡಿ, ಗೋಡೆ ಆರಲಿ. ನೋಡೋಕೆ ಅಸಹ್ಯ ಇರುತ್ತೆ, ನೆಂಟರು ನಗ್ತಾರೆ, ಬಿಡಿ. ಸುಣ್ಣ ಅರಳಿಸೋಕೆ ಗುಂಡಿ ಹಿತ್ತಲಲ್ಲೇ ತೆಗೆಸೋಣ.

ಮೊದಲು ಊರೆ. ಶನಿವಾರ ಬೆಳಿಗ್ಗೆ ಬಂದು ನೋಡ್ತೀನಿ. ನೋಡೋಕೆ ದುಡ್ಡಿಲ್ಲ, ಅಕ್ಕನ ಮನೆಯಿಂದ ಕಾಫಿ ಬಂದರೆ ಸಾಕು.

ಹಳೇಪೇಟೆ_ಅಕ್ಕ

ಯಾವ ಅಡ್ಡರಸ್ತೆ ಅಂತ ಮೆಸೇಜ್ ಮಾಡಿ. ಕಾಫಿ ಎಷ್ಟು ಜನಕ್ಕೆ ಅಂತಲೂ ಹೇಳಿ. ಅಶೋಕಪುರಂ ಹುಡುಗೀನೂ ಬರಲಿ, ನಮ್ಮ ಮಹಡಿ ಮನೆ ಮುಂದಿನ ತಿಂಗಳು ಖಾಲಿ ಆಗುತ್ತೆ. ಪ್ರಶ್ನೆ ಏನೂ ಕೇಳಲ್ಲ, ನೀರು ಬರೋ ಹೊತ್ತಿಗೆ ಎದ್ದರೆ ಸಾಕು.

ಅಶೋಕಪುರಂ_ಹುಡುಗಿ

ಅಡ್ವಾನ್ಸ್ ಎಷ್ಟು ಅಕ್ಕ?